ಓವನ್ನಿನ ಅಂಕಿ, ಓವನ್ನಿನ ಬಿಸಿ

ಬೇಕರಿಯ ಓವನ್ನಿನ ಮುಖಫಲಕದಲ್ಲಿ ಕೆಂಪಗೆ ಹೊಳೆಯುವ 200 ಎಂಬ ಅಂಕಿಯು ಒಳಗಿನ ಒಟ್ಟು ಬಿಸಿಯ ಲೆಕ್ಕವೆಂದು ಬಹಳ ಮಂದಿ ನಂಬಿದ್ದರೂ, ವಾಸ್ತವದಲ್ಲಿ ಅದು ಗೋಡೆಯ ಒಂದು ಕಡೆ ಕೂರಿಸಿದ ಬೆರಳುದ್ದದ ಸಂವೇದಕವೊಂದು ತಾನು ನಿಂತ ಜಾಗದ ಉಷ್ಣಾಂಶದ ಬಗ್ಗೆ ಕೊಡುವ ವರದಿಯಷ್ಟೇ ಆಗಿದೆ. ಟ್ರೇ ಇರುವುದು ಒಂದು ಕಡೆ, ಸಂವೇದಕ ಇರುವುದು ಇನ್ನೊಂದು ಕಡೆ. ಬ್ರೆಡ್ಡಿನ ತಳಕ್ಕೆ ತಾಗುವ ಬಿಸಿ ಒಂದು ಬಗೆಯದಾದರೆ ಸಂವೇದಕದ ತುದಿಗೆ ತಾಗುವ ಬಿಸಿ ಮತ್ತೊಂದು ಬಗೆಯದು. ಮೈದಾ ಅದೇ, ಅಳತೆ ಅದೇ, ಅಂಕಿಯೂ ಅದೇ ಇರುವಾಗ ನಿನ್ನೆ ಚೆನ್ನಾಗಿ ಬಂದ ಬ್ರೆಡ್ಡಿನ ತಳ ಇವತ್ತು ಏಕೆ ಬೆಳ್ಳಗೆ ಉಳಿಯಿತು ಎಂದು ಸಣ್ಣ ಬೇಕರಿಗಳವರೂ ಹೋಟೆಲಿನವರೂ ಈ ಅಂಕಣಕ್ಕೆ ಮತ್ತೆ ಮತ್ತೆ ಬರೆದು ಕೇಳುವ ಪ್ರಶ್ನೆ ಹುಟ್ಟುವುದು ಈ ಅಂತರದಲ್ಲೇ. ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ, ಕ್ಯಾಲಿಬ್ರೇಷನ್ ಮಾಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ ಎಂಬುದು. ಬಹಳಷ್ಟು ಸಂದರ್ಭಗಳಲ್ಲಿ ಸರಿಹೋಗುವುದಿಲ್ಲ. ಏಕೆಂದು ತಿಳಿಯಬೇಕಾದರೆ ಆ ಪದದಿಂದಲೇ ಹೊರಡಬೇಕು.

ಕ್ಯಾಲಿಬ್ರೇಷನ್ ಎಂದರೆ ಸ್ಕ್ರೂ ತಿರುಗಿಸಿ ಅಂಕಿಯನ್ನು ಸರಿಪಡಿಸುವುದು ಎಂಬ ಅರ್ಥ ಮೆಕ್ಯಾನಿಕ್‌ಗಳ ಬಾಯಲ್ಲೂ ಮಾಲೀಕರ ಬಾಯಲ್ಲೂ ರೂಢಿಯಾಗಿದೆ. ಅಳತೆಯ ಶಾಸ್ತ್ರದಲ್ಲಿ ಅದರ ಅರ್ಥ ಇದಕ್ಕಿಂತ ಕಿರಿದು: ಒಂದು ಉಪಕರಣ ಹೇಳುವ ಅಂಕಿಯನ್ನು, ನಂಬಿಕೆಗೆ ಅರ್ಹವಾದ ಇನ್ನೊಂದು ಉಪಕರಣ ಹೇಳುವ ಅಂಕಿಯೊಂದಿಗೆ ಹೋಲಿಸಿ, ವ್ಯತ್ಯಾಸ ಎಷ್ಟೆಂದು ಬರೆದಿಡುವುದು. ಕನ್ನಡದಲ್ಲಿ ಇದಕ್ಕೆ ‘ತಾಳೆ ನೋಡುವುದು’ ಎಂಬ ಒಳ್ಳೆಯ ಮಾತೇ ಇದೆ. ಲೆಕ್ಕದ ಪುಸ್ತಕವನ್ನು ತಾಳೆ ನೋಡಿದ ಮಾತ್ರಕ್ಕೆ ಕಳೆದುಹೋದ ಹಣ ಮರಳಿ ಬರುವುದಿಲ್ಲ. ಎಷ್ಟು ಕಳೆದಿದೆ ಎಂಬುದು ಗೊತ್ತಾಗುತ್ತದೆ. ವ್ಯತ್ಯಾಸ ಗೊತ್ತಾದ ಮೇಲೆ ಅಂಕಿಯನ್ನು ಮೇಲೆ ಕೆಳಗೆ ಮಾಡುವುದು ತಿದ್ದುಪಡಿ, ವ್ಯತ್ಯಾಸಕ್ಕೆ ಕಾರಣವಾದ ದೋಷವನ್ನು ತೆಗೆಯುವುದು ದುರಸ್ತಿ. ಈ ಮೂರು ಕೆಲಸಗಳ ಸರಿಯಾದ ಅನುಕ್ರಮವೆಂದರೆ ಮೊದಲು ದುರಸ್ತಿ, ಆಮೇಲೆ ತಾಳೆ, ಕೊನೆಗೆ ತಿದ್ದುಪಡಿ. ರೂಢಿಯಲ್ಲಿ ನಡೆಯುವುದಾದರೋ ಇದರ ತಲೆಕೆಳಗು: ಮೊದಲು ತಿದ್ದುಪಡಿ, ತಾಳೆ ನೋಡಿದರೂ ಆಯಿತು ಬಿಟ್ಟರೂ ಆಯಿತು, ದುರಸ್ತಿ ಓವನ್ ನಿಂತುಹೋದಾಗ. ಓವನ್ನಿನ ತಪ್ಪುಗಳೆಲ್ಲ ಒಲೆಯ ಮುಂದೆ ನಿಲ್ಲುವ ಕೆಲಸಗಾರನ ತಲೆಗೆ ಬೀಳುವುದು ಈ ತಲೆಕೆಳಗಾದ ಕ್ರಮದಿಂದ.

ಅಂಕಿಯೇ ಇಲ್ಲದ ಓವನ್ನುಗಳ ಕಾಲವೊಂದಿತ್ತು, ಅದು ಬಹಳ ಹಿಂದಿನದೇನೂ ಅಲ್ಲ. 19ನೇ ಶತಮಾನದ ಕೊನೆಯ ವರ್ಷಗಳಿಂದ ಹಾಸನ ಸೀಮೆಯ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿಗೆ ಬಂದು ಕಟ್ಟಿದ ಬೇಕರಿಗಳು ಬಹುಕಾಲ ನಡೆದದ್ದು ಇಟ್ಟಿಗೆಯ ಸೌದೆ ಒಲೆಗಳ ಮೇಲೆ. ಆ ಬಗೆಯ ಒಲೆಯಲ್ಲಿ ಸೌದೆ ಉರಿಸಿ, ಕಮಾನಿನ ಚಾವಣಿಯೂ ನೆಲಹಾಸೂ ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಎಳೆದು ಹೊರಹಾಕಿ ಅಥವಾ ಬದಿಗೆ ಸರಿಸಿ, ಇಟ್ಟಿಗೆ ಹೀರಿಕೊಂಡ ಬಿಸಿಯಲ್ಲೇ ಬೇಯಿಸುವುದು ಪದ್ಧತಿ. ಬಿಸಿ ನಿಧಾನವಾಗಿ ಇಳಿಯುತ್ತ ಹೋಗುವುದರಿಂದ ಏನನ್ನು ಯಾವಾಗ ಒಳಗಿಡಬೇಕೆಂಬ ಅನುಕ್ರಮ ತಾನಾಗಿ ಏರ್ಪಡುತ್ತದೆ: ಬಿಸಿ ಜೋರಾಗಿರುವಾಗ ಬ್ರೆಡ್ಡು ಮತ್ತು ಬನ್ನು, ಸ್ವಲ್ಪ ಇಳಿದಾಗ ಕೇಕು ಮತ್ತು ಬೆಣ್ಣೆ ಬಿಸ್ಕತ್ತು, ಕೊನೆಯ ಮಂದ ಬಿಸಿಯಲ್ಲಿ ರಸ್ಕು. ಒಂದು ಹಿಡಿ ಮೈದಾವನ್ನು ನೆಲಹಾಸಿನ ಮೇಲೆ ಎರಚಿ ಅದು ಎಷ್ಟು ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ ಎಂದು ನೋಡುವುದು, ಬಾಗಿಲ ಬಳಿ ಕೈ ಹಿಡಿದು ಎಷ್ಟು ಎಣಿಸುವವರೆಗೆ ತಾಳಬಹುದೆಂದು ಅಂದಾಜಿಸುವುದು ಇಂಥ ಒಲೆಗಳ ಉಷ್ಣಮಾಪನ. ಈ ವಿಧಾನ ಒರಟಾಗಿ ಕಂಡರೂ ಅದರಲ್ಲಿ ಒಂದು ದೊಡ್ಡ ಗುಣವಿತ್ತು: ಅಳತೆ ನಡೆಯುತ್ತಿದ್ದುದು ಬ್ರೆಡ್ಡು ಕೂರುವ ಜಾಗದಲ್ಲೇ. ಡೆಕ್ ಓವನ್, ರೋಟರಿ ಓವನ್‌ಗಳು ಬಂದ ಮೇಲೆ ಅಂಕಿ ಬಂತು, ಆದರೆ ಅಳತೆಯ ಜಾಗ ಬ್ರೆಡ್ಡಿನಿಂದ ದೂರ ಸರಿಯಿತು.

ಹೀಗೆ ದೂರ ಸರಿದದ್ದರ ಪರಿಣಾಮ ಡೆಕ್ ಓವನ್ನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದರ ಮೇಲೊಂದು ಅಂತಸ್ತುಗಳಿದ್ದು, ಪ್ರತಿ ಅಂತಸ್ತಿಗೂ ಮೇಲೆ ಮತ್ತು ಕೆಳಗೆ ಪ್ರತ್ಯೇಕ ಕಾಯಿಲ್‌ಗಳಿರುವ ಈ ಓವನ್ನಿನಲ್ಲಿ ಹಿಟ್ಟಿಗೆ ಬಿಸಿ ಮೂರು ದಾರಿಗಳಿಂದ ತಲುಪುತ್ತದೆ: ಹಾಸುಗಲ್ಲಿನಿಂದ ಟ್ರೇ ಮೂಲಕ ತಳಕ್ಕೆ ಹರಿಯುವ ಬಿಸಿ, ಮೇಲಿನ ಕಾಯಿಲ್ ಮತ್ತು ಗೋಡೆಗಳಿಂದ ಕಿರಣರೂಪದಲ್ಲಿ ನೇರವಾಗಿ ಬೀಳುವ ಬಿಸಿ, ಒಳಗಿನ ಗಾಳಿ ಸವರಿಕೊಂಡು ಹೋಗುವ ಬಿಸಿ. ಸಂವೇದಕಕ್ಕೆ ಮುಖ್ಯವಾಗಿ ತಾಗುವುದು ಗಾಳಿಯ ಬಿಸಿ. ಗಾಳಿ ಬೇಗ ಕಾಯುತ್ತದೆ, ಬಾಗಿಲು ತೆಗೆದರೆ ಬೇಗ ತಣಿಯುತ್ತದೆ, ಮುಚ್ಚಿದರೆ ಮತ್ತೆ ಬೇಗ ಏರುತ್ತದೆ. ಕಲ್ಲಿನ ಸ್ವಭಾವ ಇದಕ್ಕೆ ವಿರುದ್ಧವಾದುದು, ಅದು ನಿಧಾನವಾಗಿ ಕಾಯುತ್ತದೆ ಮತ್ತು ಒಮ್ಮೆ ತಣ್ಣನೆಯ ಟ್ರೇಗಳು ಬಿಸಿಯನ್ನು ಹೀರಿಕೊಂಡರೆ ನಿಧಾನವಾಗಿಯೇ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆ ಓವನ್ ಹಾಕಿದ ಇಪ್ಪತ್ತು ನಿಮಿಷಕ್ಕೆ ಅಂಕಿ 220 ಮುಟ್ಟಿದರೂ ಕಲ್ಲು ಆ ಮಟ್ಟಕ್ಕೆ ಬರಲು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ಮೊದಲ ಸರದಿಯ ಬ್ರೆಡ್ಡು ಮೇಲೆ ಬಣ್ಣ ಹಿಡಿದು ಕೆಳಗೆ ಹಸಿಯಾಗಿ ಉಳಿಯಿತು ಎಂಬ ದೂರುಗಳಲ್ಲಿ ಹಲವಕ್ಕೆ ಬೇಕಾದ ಪರಿಹಾರ ಕ್ಯಾಲಿಬ್ರೇಷನ್ ಅಲ್ಲ, ಇನ್ನೂ ಅರ್ಧ ಗಂಟೆಯ ತಾಳ್ಮೆ. ಒಂದು ಸರದಿ ಹೊರಬಂದ ತಕ್ಷಣ ಇನ್ನೊಂದನ್ನು ತಳ್ಳುವ ಹಬ್ಬದ ದಿನಗಳಲ್ಲೂ ಇದೇ ತೊಂದರೆ ಕಾಣಿಸಿಕೊಳ್ಳುತ್ತದೆ, ಆಗಲೂ ಅಂಕಿ ಮಾತ್ರ ಸರಿಯಾಗಿಯೇ ಇರುತ್ತದೆ.

ಆ ಅಂಕಿಯನ್ನು ಹುಟ್ಟಿಸುವ ಸಂವೇದಕದ ಬಗ್ಗೆಯೂ ತಿಳಿದಿರುವುದು ಅಗತ್ಯ. ಹಳೆಯ ಓವನ್ನುಗಳಲ್ಲಿ ದ್ರವ ತುಂಬಿದ ತಾಮ್ರದ ಬಣ್ಣದ ಸಣ್ಣ ಕೊಳವೆಯೊಂದು ಇರುತ್ತದೆ. ಬಿಸಿಗೆ ಆ ದ್ರವ ಹಿಗ್ಗಿ, ಕೂದಲಿನಷ್ಟು ತೆಳುವಾದ ನಳಿಕೆಯ ಮೂಲಕ ಒತ್ತಡ ಸಾಗಿ, ಸ್ವಿಚ್ಚನ್ನು ಆರಿಸುತ್ತದೆ. ಇದೇ ಥರ್ಮೋಸ್ಟಾಟ್. ಆ ಕೊಳವೆ ತನ್ನ ಹಿಡಿಕೆಯಿಂದ ಜಾರಿ ಗೋಡೆಗೆ ತಗುಲಿದರೂ, ಅದರ ಮೇಲೆ ಎಣ್ಣೆಯ ಮಸಿ ಪದರ ಕಟ್ಟಿದರೂ ಅಂಕಿ ಕೆಡುತ್ತದೆ. ಈಚಿನ ಓವನ್ನುಗಳಲ್ಲಿ ಅದರ ಜಾಗಕ್ಕೆ ಥರ್ಮೋಕಪಲ್ ಬಂದಿದೆ. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿಗಳನ್ನು ಬೆಸೆದು, ಬೆಸುಗೆಯನ್ನು ಬಿಸಿಯಲ್ಲಿಟ್ಟು ಇನ್ನೊಂದು ತುದಿಯನ್ನು ತಂಪಿನಲ್ಲಿಟ್ಟರೆ ಅತಿ ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ. ಥಾಮಸ್ ಸೀಬೆಕ್ 1821ರಲ್ಲಿ ಗುರುತಿಸಿದ ಈ ಪರಿಣಾಮವೇ ಥರ್ಮೋಕಪಲ್ಲಿನ ಜೀವಾಳ. ಬೇಕರಿ ಓವನ್ನುಗಳಲ್ಲಿ ಎರಡು ಬಗೆಯವು ಬಳಕೆಯಲ್ಲಿವೆ: ಕಬ್ಬಿಣ ಮತ್ತು ಕಾನ್‌ಸ್ಟಂಟನ್ ಜೋಡಿಯ ‘ಜೆ’, ಕ್ರೋಮೆಲ್ ಮತ್ತು ಅಲ್ಯುಮೆಲ್ ಜೋಡಿಯ ‘ಕೆ’. ನೋಡಲು ಎರಡೂ ಒಂದೇ ತರಹ ಇರುವುದರಿಂದ, ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಜೋಡಿಸುವ ಅಭ್ಯಾಸ ಬಹಳ ಹಾನಿ ಮಾಡುತ್ತದೆ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೆ ಬಗೆಯದು ಸುಮಾರು 10.8 ಮಿಲಿವೋಲ್ಟ್ ಕೊಟ್ಟರೆ ಕೆ ಬಗೆಯದು ಸುಮಾರು 8.1 ಮಿಲಿವೋಲ್ಟ್ ಕೊಡುತ್ತದೆ. ಕೆ ಬಗೆಗೆಂದು ಹೊಂದಿಸಿದ ಕಂಟ್ರೋಲರಿಗೆ, ಅಂದರೆ ಸಂವೇದಕದ ಸಂಕೇತವನ್ನು ಓದಿ ಬಿಸಿಯನ್ನು ನಿಯಂತ್ರಿಸುವ ಘಟಕಕ್ಕೆ, ಜೆ ತಂತಿ ಜೋಡಿಸಿದರೆ, ಒಳಗೆ ನಿಜಕ್ಕೂ 200 ಡಿಗ್ರಿ ಇರುವಾಗ ಫಲಕದಲ್ಲಿ ಸುಮಾರು 265 ಕಾಣಿಸುತ್ತದೆ. ಬೇಕರಿಯವರು 200ಕ್ಕೆ ಇಟ್ಟರೆ ಒಳಗೆ ಉಳಿಯುವುದು 150ರ ಆಸುಪಾಸು. ಹೊಸ ಸೆನ್ಸರ್ ಹಾಕಿಸಿದ ಮರುದಿನದಿಂದ ಬ್ರೆಡ್ಡು ಬೇಯುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ತಂತಿಯ ಜಾತಿಯನ್ನೂ ಕಂಟ್ರೋಲರಿನ ಒಳ ಹೊಂದಾಣಿಕೆಯನ್ನೂ. ಕಂಟ್ರೋಲರಿನ ಒಳಪಟ್ಟಿಯಲ್ಲಿ ಸಂವೇದಕದ ಬಗೆಯನ್ನು ಬದಲಾಯಿಸಲು ಅವಕಾಶವಿದ್ದರೆ ಅದು ಎರಡು ನಿಮಿಷದ ಕೆಲಸ, ಇಲ್ಲದಿದ್ದರೆ ಸರಿಯಾದ ತಂತಿಯನ್ನೇ ಹಾಕಿಸಬೇಕು.

ದುರಸ್ತಿಯ ಕಡೆಗೆ ಬಂದರೆ, ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಭಾಗ ಬಾಗಿಲು. ಬಾಗಿಲಿನ ಅಂಚಿಗೆ ಇರುವ ಗ್ಯಾಸ್ಕೆಟ್, ಅಂದರೆ ಬಿಸಿ ಸೋರದಂತೆ ಸಂದು ಮುಚ್ಚುವ ಪಟ್ಟಿ, ಎಣ್ಣೆ ಮತ್ತು ಬಿಸಿಗೆ ಸಿಕ್ಕಿ ಗಡುಸಾಗಿ ಬಿರುಕು ಬಿಡುತ್ತದೆ. ಓವನ್ ತಣ್ಣಗಿರುವಾಗ ತೆಳುವಾದ ಕಾಗದದ ಚೂರೊಂದನ್ನು ಬಾಗಿಲ ಸಂದಿನಲ್ಲಿಟ್ಟು ಮುಚ್ಚಿ ಎಳೆದು ನೋಡಿದರೆ ಗ್ಯಾಸ್ಕೆಟ್ಟಿನ ಸ್ಥಿತಿ ತಿಳಿಯುತ್ತದೆ. ಕಾಗದ ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಬಿಸಿ ಸೋರುತ್ತಿದೆ. ಬಾಗಿಲಿನ ನಾಲ್ಕೂ ಬದಿಗೆ ಹೀಗೆ ನೋಡಬೇಕು, ಏಕೆಂದರೆ ಕೀಲು ಸಡಿಲವಾದ ಬಾಗಿಲು ಒಂದು ಮೂಲೆಯಲ್ಲಿ ಮಾತ್ರ ಸೋರುವುದು ಸಾಮಾನ್ಯ. ಇಲ್ಲಿಯೇ ಅವಸರದ ತಿದ್ದುಪಡಿಯ ಅಪಾಯವೂ ಅಡಗಿದೆ. ಗ್ಯಾಸ್ಕೆಟ್ ಸೋರುತ್ತಿರುವ ಓವನ್ನಿನಲ್ಲಿ ಮುಂಭಾಗದ ಬನ್ನುಗಳು ಬೇಯುತ್ತಿಲ್ಲವೆಂದು ಕಂಟ್ರೋಲರನ್ನು 20 ಡಿಗ್ರಿ ತಿದ್ದಿದರೆ ಮುಂಭಾಗ ಹೇಗೋ ಬೇಯುತ್ತದೆ, ಹಿಂಭಾಗ ಕಪ್ಪಾಗುತ್ತದೆ, ಕೆಲಸಗಾರ ಅರ್ಧಕ್ಕೆ ಟ್ರೇ ತಿರುಗಿಸುವ ಅಭ್ಯಾಸ ಮಾಡಿಕೊಳ್ಳುತ್ತಾನೆ, ಟ್ರೇ ತಿರುಗಿಸಲು ಬಾಗಿಲು ತೆಗೆದಷ್ಟೂ ಬಿಸಿ ಇಳಿಯುತ್ತದೆ. ಆರು ತಿಂಗಳ ನಂತರ ಯಾರೋ ಗ್ಯಾಸ್ಕೆಟ್ ಬದಲಾಯಿಸುತ್ತಾರೆ. ಹಳೆಯ 20 ಡಿಗ್ರಿ ಒಳಗೆ ಹಾಗೆಯೇ ಕೂತಿರುವುದು ಯಾರಿಗೂ ನೆನಪಿರುವುದಿಲ್ಲವಾದ್ದರಿಂದ ಆ ದಿನದ ಕೇಕುಗಳೆಲ್ಲ ಮೇಲೆ ಉಬ್ಬಿ ಬಿರಿಯುತ್ತವೆ. ಬಿರಿದ ಕೇಕಿಗೆ ಬೈಸಿಕೊಳ್ಳುವವನು ಟ್ರೇ ಇಟ್ಟವನು.

ವಿದ್ಯುತ್ ಓವನ್ನುಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ದೋಷವೆಂದರೆ ಕಾಯಿಲ್‌ಗಳಲ್ಲಿ ಕೆಲವು ಸದ್ದಿಲ್ಲದೆ ಸತ್ತುಹೋಗುವುದು. ದೊಡ್ಡ ಓವನ್ನುಗಳು ಮೂರು ಫೇಸಿನ ಸರಬರಾಜಿನಿಂದ ನಡೆಯುತ್ತವೆ, ಕಾಯಿಲ್‌ಗಳನ್ನು ಮೂರೂ ಫೇಸುಗಳಿಗೆ ಹಂಚಿರುತ್ತಾರೆ. ಒಂದು ಫೇಸು ಹೋದರೆ ಅಥವಾ ಕಾಂಟ್ಯಾಕ್ಟರಿನ, ಅಂದರೆ ಕಾಯಿಲ್‌ಗಳಿಗೆ ವಿದ್ಯುತ್ ಹರಿಸುವ ದೊಡ್ಡ ಸ್ವಿಚ್ಚಿನ, ಒಂದು ತುದಿ ಸುಟ್ಟರೆ ಆ ಪಾಲಿನ ಕಾಯಿಲ್‌ಗಳು ಕೆಲಸ ನಿಲ್ಲಿಸುತ್ತವೆ. ಆದರೂ ಅಂಕಿ ನಿಧಾನವಾಗಿಯಾದರೂ 200 ಮುಟ್ಟಿಯೇ ಮುಟ್ಟುತ್ತದೆ, ಉಳಿದ ಕಾಯಿಲ್‌ಗಳು ಹೆಚ್ಚು ಹೊತ್ತು ಉರಿದು ಕೊರತೆಯನ್ನು ತುಂಬುತ್ತವೆ. ಸಂವೇದಕದ ಬಳಿ ತಾಳೆ ನೋಡಿದರೆ ಎಲ್ಲವೂ ಸರಿ ಎಂದೇ ಬರುತ್ತದೆ. ಬಿಸಿ ಮಾತ್ರ ಎಡದಲ್ಲೊಂದು ಬಲದಲ್ಲೊಂದು. ತಿಂಗಳಿಗೊಮ್ಮೆ ಕ್ಲ್ಯಾಂಪ್ ಮೀಟರ್ ಇಟ್ಟು ಮೂರೂ ಫೇಸುಗಳ ಪ್ರವಾಹ ಸಮವಾಗಿದೆಯೇ ಎಂದು ತಿಳಿದ ಎಲೆಕ್ಟ್ರಿಷಿಯನ್ ನೋಡಿದರೆ ಈ ರೋಗ ಮೊದಲ ಹಂತದಲ್ಲೇ ಸಿಗುತ್ತದೆ. ವೋಲ್ಟೇಜಿನ ಏರಿಳಿತದ ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. ಕಾಯಿಲ್ ಕೊಡುವ ಬಿಸಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟ್ ಇರಬೇಕಾದ ಕಡೆ 200 ಬಂದರೆ ಬಿಸಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಕುಸಿಯುತ್ತದೆ. ಸಂಜೆ ಹೊತ್ತು ಓವನ್ ಮಂದವಾಗುತ್ತದೆ ಎಂಬ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಬೇಕರಿಯವರ ಅನುಭವದ ಹಿಂದೆ ಹಲವು ಸಲ ಇರುವುದು ಇದೇ ಲೆಕ್ಕ.

ಅನಿಲದ ಓವನ್ನುಗಳಲ್ಲಿ ಕಣ್ಣಿಡಬೇಕಾದದ್ದು ಜ್ವಾಲೆಯ ಬಣ್ಣದ ಮೇಲೆ. ನೀಲಿ ಜ್ವಾಲೆ ಅನಿಲ ಪೂರ್ಣವಾಗಿ ಉರಿಯುತ್ತಿರುವುದರ ಗುರುತು. ಹಳದಿ ಜ್ವಾಲೆ ಗಾಳಿ ಸಾಲದೆ ಮಸಿಯೂ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವೂ ಹುಟ್ಟುತ್ತಿರುವುದರ ಗುರುತು. ಬರ್ನರಿನ ತೂತುಗಳಲ್ಲಿ ಮೈದಾ ದೂಳು ಕಟ್ಟಿಕೊಂಡಿರುವುದು, ಗಾಳಿಯ ಕಿಂಡಿ ಸರಿದಿರುವುದು, ಜೆಟ್ಟಿನ ಸಣ್ಣ ತೂತು ಮುಚ್ಚಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಜೆಟ್ಟನ್ನು ಸೂಜಿಯಿಂದ ಚುಚ್ಚಿ ದೊಡ್ಡದು ಮಾಡುವ ಅಡ್ಡದಾರಿಯನ್ನು ಖಂಡಿತವಾಗಿ ಬಿಡಬೇಕು, ಅದರ ಅಳತೆ ಬದಲಾದರೆ ಅನಿಲ ಮತ್ತು ಗಾಳಿಯ ಪ್ರಮಾಣವೇ ಕೆಡುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಹೊತ್ತಿಕೊಳ್ಳದೆ ಸೋರಿದ ಅನಿಲ ಓವನ್ನಿನ ತಳದಲ್ಲೇ ತಂಗುತ್ತದೆ. ಒಂದು ಸಲ ಹೊತ್ತದಿದ್ದರೆ ಅನಿಲ ನಿಲ್ಲಿಸಿ, ಬಾಗಿಲು ತೆರೆದು, ಕೆಲವು ನಿಮಿಷ ಗಾಳಿಯಾಡಲು ಬಿಟ್ಟೇ ಮತ್ತೆ ಹೊತ್ತಿಸಬೇಕು. ಕೊಳವೆಗಳ ಜೋಡಣೆಗೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆಗೆ ಇಂದಿಗೂ ಬೆಲೆಯಿದೆ.

ಶುಚಿತ್ವದ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ: ಹಾಸುಗಲ್ಲನ್ನು ಒಣ ಕುಂಚದಿಂದ ಗುಡಿಸಬೇಕು, ಬಿಸಿ ಕಲ್ಲಿಗೆ ನೀರು ಸೋಕಿಸಿದರೆ ಅದು ಬಿರಿಯುತ್ತದೆ, ಸಂವೇದಕದ ತುದಿಯನ್ನು ಒರೆಸಿಡಬೇಕು, ಕಂಟ್ರೋಲರಿನ ಪೆಟ್ಟಿಗೆಯೊಳಗೆ ಸೇರುವ ಮೈದಾ ದೂಳನ್ನು ವಿದ್ಯುತ್ ಕಡಿದು ತೆಗೆಸಬೇಕು. ಹಬೆ ಬಳಸುವ ಓವನ್ನುಗಳಿಗೆ ಮಾತ್ರ ನೀರಿನ ಚಿಂತೆ ಬೇರೆಯಾಗಿಯೇ ಇದೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ, ಬಯಲುಸೀಮೆಯ ಊರುಗಳಲ್ಲಿ ಬೋರ್‌ವೆಲ್ ನೀರು ಗಡುಸು. ಅದನ್ನು ಕಾಯಿಸಿದಾಗ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು ಹಬೆಯ ಕಾಯಿಲ್ ಮೇಲೆ ಬಿಳಿ ಗಸಿಯಾಗಿ ಗಟ್ಟಿಗೊಳ್ಳುತ್ತದೆ. ಆ ಪದರ ಬಿಸಿಯನ್ನು ತಡೆಯುವುದರಿಂದ ಕಾಯಿಲ್ ತಾನೇ ಅತಿಯಾಗಿ ಕಾದು ಸುಡುತ್ತದೆ. ಸಿಟ್ರಿಕ್ ಆಮ್ಲದ, ಅಂದರೆ ನಿಂಬೆ ಉಪ್ಪಿನ, ದ್ರಾವಣದಿಂದ ಆಗಾಗ ಗಸಿ ಬಿಡಿಸುವುದು ಒಂದು ಉಪಾಯ. ನೀರನ್ನು ಮೆದುಗೊಳಿಸುವ ಫಿಲ್ಟರ್ ಹಾಕಿಸುವುದು ಅದಕ್ಕಿಂತ ಉತ್ತಮ ಉಪಾಯ.

ಇಷ್ಟೆಲ್ಲ ಆದ ಮೇಲೆ ತಾಳೆ ನೋಡುವ ಕೆಲಸ. ಅದಕ್ಕೆ ಬೇಕಾದದ್ದು, ಕನಿಷ್ಠ 300 ಡಿಗ್ರಿವರೆಗೆ ಅಳೆಯಬಲ್ಲ, ಬಿಸಿ ತಾಳುವ ತೆಳು ತಂತಿಯ ತುದಿಯಿರುವ ಒಂದು ಡಿಜಿಟಲ್ ಥರ್ಮೋಮೀಟರ್. ಆ ಥರ್ಮೋಮೀಟರ್ ನಂಬಿಕೆಗೆ ಅರ್ಹವೇ ಎಂಬುದನ್ನು ಮೊದಲು ಅಡುಗೆಮನೆಯಲ್ಲೇ ಒಂದು ಮಟ್ಟಿಗೆ ಪರೀಕ್ಷಿಸಬಹುದು. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಕಲಕಿ ಅದರಲ್ಲಿ ತುದಿಯನ್ನು ಮುಳುಗಿಸಿದರೆ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಬೇಕು ಎಂದು ಎಲ್ಲ ಕಡೆ ಬರೆದಿರುತ್ತದೆಯಾದರೂ ಅದು ಮಂಗಳೂರು, ಉಡುಪಿ, ಕಾರವಾರಗಳಿಗೆ ಮಾತ್ರ ಒಪ್ಪುವ ಮಾತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಕೆಳಗೆ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರು ಮತ್ತು ಹಾಸನಗಳಲ್ಲಿ ನೀರು ಕುದಿಯುವುದು 97ರ ಆಸುಪಾಸಿನಲ್ಲಿ, ಮಡಿಕೇರಿಯಲ್ಲಿ 96ರ ಹತ್ತಿರ. ಬೆಂಗಳೂರಿನಲ್ಲಿ 97 ತೋರಿಸಿದ ಥರ್ಮೋಮೀಟರನ್ನು ಕೆಟ್ಟದ್ದೆಂದು ಎಸೆಯುವುದೂ, ಅದನ್ನು 100ಕ್ಕೆ ತಿದ್ದುವುದೂ ಒಳ್ಳೆಯ ಉಪಕರಣವನ್ನು ಕೈಯಾರೆ ಕೆಡಿಸಿದಂತೆ.

ದೂರದಿಂದಲೇ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ನು ಈಗ ಅಗ್ಗವಾಗಿ ಸಿಗುತ್ತಿರುವುದರಿಂದ ಅದನ್ನೇ ನೆಚ್ಚಿಕೊಂಡವರು ಬಹಳ. ಅದು ಮೇಲ್ಮೈ ಹೊರಸೂಸುವ ಕಿರಣಗಳನ್ನು ಅಳೆಯುವ ಸಾಧನ. ಹಾಸುಗಲ್ಲು, ಮಸಿ ಹಿಡಿದ ಟ್ರೇ ಇಂಥ ಮಂಕು ಮೇಲ್ಮೈಗಳು ಕಿರಣಗಳನ್ನು ಚೆನ್ನಾಗಿ ಹೊರಸೂಸುವುದರಿಂದ ಅಲ್ಲಿ ಅದರ ಮಾತು ನಂಬಬಹುದು, ಕಲ್ಲು ಕಾದಿದೆಯೇ ಎಂದು ತಿಳಿಯಲು ಅದಕ್ಕಿಂತ ಸುಲಭದ ಸಾಧನವಿಲ್ಲ. ಥಳಥಳಿಸುವ ಸ್ಟೀಲಿನ ಗೋಡೆಗೆ ಹಿಡಿದರೆ ನಿಜಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ, ಗಾಳಿಯ ಉಷ್ಣಾಂಶವನ್ನಂತೂ ಅದು ಅಳೆಯಲಾರದು. ಸಕ್ಕರೆ 186 ಡಿಗ್ರಿಯಲ್ಲಿ ಕರಗುತ್ತದೆ, ಆದ್ದರಿಂದ ಒಂದು ಚಮಚ ಸಕ್ಕರೆಯಿಟ್ಟು ನೋಡಿ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ಸಕ್ಕರೆ ಮಂಜುಗಡ್ಡೆಯಂತೆ ಒಂದೇ ಬಿಂದುವಿನಲ್ಲಿ ಕರಗುವ ವಸ್ತುವಲ್ಲ. ನಿಧಾನವಾಗಿ ಕಾಯಿಸಿದರೆ ಅದಕ್ಕಿಂತ ಕೆಳಗೇ ಒಡೆದು ಕಂದಾಗತೊಡಗುತ್ತದೆ. ಮನೆಯ ಅಂದಾಜಿಗೆ ಅದು ಸಾಕಾದೀತು, ದಿನಕ್ಕೆ ನೂರಾರು ಬ್ರೆಡ್ಡು ಬೇಯಿಸುವಲ್ಲಿ ಸಾಲದು.

ಅಳೆಯುವ ಕ್ರಮ ಹೀಗೆ. ಓವನ್ ಖಾಲಿಯಾಗಿರಬೇಕು. ದಿನನಿತ್ಯ ಹೆಚ್ಚು ಬಳಸುವ ಅಂಕಿಗೆ, ಉದಾಹರಣೆಗೆ 200ಕ್ಕೆ, ಇಟ್ಟು ಒಂದು ಗಂಟೆ ಕಾಯಲು ಬಿಡಬೇಕು. ಥರ್ಮೋಮೀಟರಿನ ತುದಿ ಟ್ರೇ ಇರುವ ಎತ್ತರದಲ್ಲಿ, ಓವನ್ನಿನ ನಡುಮಧ್ಯೆ, ಲೋಹಕ್ಕೆ ತಗುಲದಂತೆ ನಿಲ್ಲಬೇಕು. ತಂತಿ ಬಾಗಿಲ ಸಂದಿನಿಂದ ಹೊರಬಂದು ಬಾಗಿಲು ಪೂರ್ತಿ ಮುಚ್ಚಿರಬೇಕು. ಆಮೇಲೆ ಅರ್ಧ ಗಂಟೆ ಕಾಲ ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಬೇಕು. ಒಂದೇ ಸಲ ನೋಡಿ ತೀರ್ಮಾನಿಸಬಾರದೆಂಬುದಕ್ಕೆ ಕಾರಣವಿದೆ: ಥರ್ಮೋಸ್ಟಾಟ್ ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದಿಲ್ಲ, ಒಂದು ಮಟ್ಟ ದಾಟಿದಾಗ ಆರಿಸಿ, ಇನ್ನೊಂದು ಮಟ್ಟಕ್ಕೆ ಇಳಿದಾಗ ಹೊತ್ತಿಸುತ್ತದೆ, ಆದ್ದರಿಂದ ಒಳಗಿನ ಬಿಸಿ ಉಯ್ಯಾಲೆಯಂತೆ ಏರಿಳಿಯುತ್ತಲೇ ಇರುತ್ತದೆ. ಮೇಲ್ತುದಿಗಳು 212, ಕೆಳತುದಿಗಳು 196 ಎಂದು ಬಂದರೆ ಸರಾಸರಿ 204. ವ್ಯತ್ಯಾಸ ಬರೀ 4 ಡಿಗ್ರಿ, ಇಂಥ ಓವನ್ನನ್ನು ಮುಟ್ಟದೆ ಬಿಡುವುದು ಜಾಣತನ. ಮೇಲ್ತುದಿಗೆ ಸಿಕ್ಕಿದ 212ನ್ನು ಮಾತ್ರ ನೋಡಿ 12 ಡಿಗ್ರಿ ತಿದ್ದಿದವರು ಸರಿಯಾಗಿದ್ದ ಓವನ್ನನ್ನು 8 ಡಿಗ್ರಿ ತಣ್ಣಗಾಗಿಸಿಬಿಡುತ್ತಾರೆ. ಬೇಕರಿ ಕೆಲಸಕ್ಕೆ 5 ಡಿಗ್ರಿಯೊಳಗಿನ ವ್ಯತ್ಯಾಸವನ್ನು ಒಪ್ಪಿಕೊಳ್ಳಬಹುದು, 10 ದಾಟಿದರೆ ಸುಮ್ಮನಿರಬಾರದು.

ಒಂದೇ ಅಂಕಿಯಲ್ಲಿ ತಾಳೆ ನೋಡಿ ಮುಗಿಸುವುದೂ ಸಾಲದು; 160ರಲ್ಲಿ ಒಮ್ಮೆ, 240ರಲ್ಲಿ ಒಮ್ಮೆ ನೋಡಿದಾಗ ದೋಷದ ಸ್ವಭಾವ ಬಯಲಾಗುತ್ತದೆ. ಮೂರೂ ಕಡೆ 12 ಡಿಗ್ರಿಯೇ ಕಡಿಮೆ ಬಂದರೆ ಕಂಟ್ರೋಲರಿನಲ್ಲಿ ಅಷ್ಟನ್ನು ಕೂಡಿಸಿ ಕೈತೊಳೆದುಕೊಳ್ಳಬಹುದು. 160ರಲ್ಲಿ 6, 200ರಲ್ಲಿ 12, 240ರಲ್ಲಿ 20 ಹೀಗೆ ಬೆಳೆಯುತ್ತ ಹೋದರೆ ಕೂಡಿಸುವುದರಿಂದ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತದೆ. ಅದು ಸವೆದ ಸಂವೇದಕದ ಅಥವಾ ತಪ್ಪು ಬಗೆಯ ತಂತಿಯ ಲಕ್ಷಣ. ನಡುಮಧ್ಯೆ ಸರಿಯಿದ್ದು ಮೂಲೆಗಳಲ್ಲಿ ಹೆಚ್ಚುಕಡಿಮೆ ಇದ್ದರೆ ಅದಕ್ಕೆ ಯಾವ ತಿದ್ದುಪಡಿಯೂ ಮದ್ದಲ್ಲ, ಬಾಗಿಲು, ಕಾಯಿಲ್, ಫ್ಯಾನು ಇವುಗಳಿಗೇ ಮರಳಬೇಕು. ಮೂಲೆಗಳ ಸ್ಥಿತಿ ತಿಳಿಯಲು ಒಂದು ಸರಳ ವಿಧಾನವಿದೆ: ಒಂದೇ ಬ್ರೆಡ್ಡಿನಿಂದ ಒಂದೇ ದಪ್ಪಕ್ಕೆ ಕತ್ತರಿಸಿದ ಹೋಳುಗಳನ್ನು ಟ್ರೇ ತುಂಬ ಒತ್ತಾಗಿ ಜೋಡಿಸಿ, ಕಾದ ಓವನ್ನಿನಲ್ಲಿಟ್ಟು, ಅರೆಬರೆ ಕೆಂಪಾದಾಗ ಹೊರತೆಗೆದರೆ ಬಿಸಿಯ ನಕ್ಷೆಯೇ ಕಣ್ಣೆದುರು ಬರುತ್ತದೆ. ಆ ಟ್ರೇಯನ್ನು ಬಾಗಿಲ ಕಡೆ ಯಾವುದು ಎಂದು ಗುರುತಿಸಿ ಚಿತ್ರ ತೆಗೆದಿಟ್ಟುಕೊಂಡರೆ ಮೂರು ತಿಂಗಳ ನಂತರದ ಟ್ರೇಯೊಂದಿಗೆ ಹೋಲಿಸಬಹುದು. ಮೆಕ್ಯಾನಿಕ್‌ಗೆ ಬಾಯಿಮಾತಿನಲ್ಲಿ ವಿವರಿಸುವುದಕ್ಕಿಂತ ಈ ಚಿತ್ರ ತೋರಿಸುವುದು ಎಷ್ಟೋ ಮೇಲು.

ವರ್ಷಕ್ಕೊಮ್ಮೆ ಆ ಥರ್ಮೋಮೀಟರನ್ನು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ ತಾಳೆ ನೋಡಿಸುವುದು ದುಂದುವೆಚ್ಚವೆಂದು ಕಾಣಬಾರದು. ಅಂಥ ಪ್ರಯೋಗಾಲಯದ ಅಳತೆಗಳು ಹಂತ ಹಂತವಾಗಿ ಮೇಲೇರಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಂಥ ರಾಷ್ಟ್ರಮಟ್ಟದ ಸಂಸ್ಥೆಯ ಮಾನಕಗಳಿಗೆ ಸೇರುತ್ತವೆ. ಆ ಮಾನಕಗಳು ನಿಂತಿರುವುದು 1990ರ ಅಂತರರಾಷ್ಟ್ರೀಯ ಉಷ್ಣಾಂಶ ಮಾಪನಕ್ರಮದ ಮೇಲೆ. ಶುದ್ಧ ಲೋಹಗಳು ಗಟ್ಟಿಯಾಗುವ ಬಿಂದುಗಳನ್ನು ಮೈಲಿಗಲ್ಲುಗಳಾಗಿ ನೆಟ್ಟಿರುವ ಆ ಕ್ರಮದಲ್ಲಿ ಇಂಡಿಯಮ್ಮಿನ 156.5985 ಡಿಗ್ರಿ ಒಂದು, ತವರದ 231.928 ಡಿಗ್ರಿ ಇನ್ನೊಂದು. ಬೆಣ್ಣೆ ಬಿಸ್ಕತ್ತಿನಿಂದ ಬ್ರೆಡ್ಡಿನವರೆಗೆ ಬೇಕರಿಯ ಕೆಲಸದ ಬಹುಪಾಲು ಈ ಎರಡು ಮೈಲಿಗಲ್ಲುಗಳ ನಡುವೆಯೇ ನಡೆಯುತ್ತದೆ ಎಂಬುದು ನೆನೆದಷ್ಟೂ ಹಿತ ಕೊಡುವ ಸಂಗತಿ. ಪ್ರಯೋಗಾಲಯಕ್ಕೆ ಕೊಡುವಾಗ 150, 200, 250 ಈ ಮೂರು ಬಿಂದುಗಳಲ್ಲಿ ನೋಡಿಕೊಡಿ ಎಂದು ಸ್ಪಷ್ಟವಾಗಿ ಕೇಳಬೇಕು. ಕೇಳದಿದ್ದರೆ ಬೇಕರಿಗೆ ಬೇಡವಾದ ಬಿಂದುಗಳಲ್ಲಿ ತಾಳೆ ನೋಡಿದ ಪ್ರಮಾಣಪತ್ರ ಬರಬಹುದು. ಪ್ರಮಾಣಪತ್ರದಲ್ಲಿ ಎರಡು ಅಂಕಣಗಳನ್ನು ಓದಬೇಕು: ಥರ್ಮೋಮೀಟರ್ ತೋರಿಸಿದ್ದಕ್ಕೆ ಎಷ್ಟು ಕೂಡಿಸಬೇಕು ಅಥವಾ ಕಳೆಯಬೇಕು ಎಂಬ ತಿದ್ದುಪಡಿ, ಆ ತಿದ್ದುಪಡಿಯನ್ನೂ ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಅನಿಶ್ಚಿತತೆ. ಅನಿಶ್ಚಿತತೆ 2 ಡಿಗ್ರಿ ಎಂದು ಬರೆದಿರುವಾಗ ಒಂದು ಡಿಗ್ರಿಯ ವ್ಯತ್ಯಾಸಕ್ಕೆ ಓವನ್ ತಿದ್ದಲು ಹೊರಡುವುದರಲ್ಲಿ ಅರ್ಥವಿಲ್ಲ.

ಓವನ್ ಸರಿಯಾದ ದಿನ ಬೇಕರಿಯಲ್ಲಿ ಹೊಸದೊಂದು ತೊಡಕು ಶುರುವಾಗುತ್ತದೆ, ಅದಕ್ಕೆ ಮೊದಲೇ ಸಿದ್ಧರಾಗಿರುವುದು ಒಳ್ಳೆಯದು. ಅಲ್ಲಿಯ ಪಾಕದ ಪುಸ್ತಕ, ಬರೆದದ್ದಿರಲಿ ನೆನಪಿನಲ್ಲಿರುವುದಿರಲಿ, ತಪ್ಪು ತೋರಿಸುತ್ತಿದ್ದ ಓವನ್ನಿಗೆ ಹೊಂದಿಕೊಂಡು ಬೆಳೆದದ್ದು. ಖಾರ ಬನ್ನಿಗೆ 230, ದಿಲ್‌ಪಸಂದಿಗೆ 210 ಎಂದು ಹಿರಿಯ ಕೆಲಸಗಾರ ಹೇಳುವ ಅಂಕಿಗಳಲ್ಲಿ ಹಳೆಯ ದೋಷದ 20 ಡಿಗ್ರಿ ಬೆರೆತಿರುತ್ತದೆ. ಓವನ್ ಸರಿಯಾದ ಮೇಲೂ ಅವೇ ಅಂಕಿಗಳನ್ನು ಇಟ್ಟರೆ ಎಲ್ಲವೂ ಕಪ್ಪಾಗಿ, ಮೊದಲಿದ್ದದ್ದೇ ಚೆನ್ನಾಗಿತ್ತು ಎಂಬ ಮಾತು ಹುಟ್ಟಿ, ಸಂಜೆಯೊಳಗೆ ಯಾರೋ ಕಂಟ್ರೋಲರನ್ನು ಹಿಂದಿನ ಸ್ಥಿತಿಗೇ ತಿರುಗಿಸಿಬಿಡುತ್ತಾರೆ. ಆದ್ದರಿಂದ ತಿದ್ದುಪಡಿಯನ್ನು ಹಬ್ಬದ ಮುನ್ನಾದಿನ ಇಟ್ಟುಕೊಳ್ಳದೆ ವ್ಯಾಪಾರ ಕಡಿಮೆ ಇರುವ ದಿನಕ್ಕೆ ಇಟ್ಟುಕೊಳ್ಳಬೇಕು. ಅಂದು ಹಿರಿಯ ಕೆಲಸಗಾರನನ್ನೇ ಜೊತೆಗೆ ನಿಲ್ಲಿಸಿಕೊಂಡು, ಒಂದೊಂದು ತಿನಿಸನ್ನೂ ಒಂದೊಂದು ಟ್ರೇ ಮಾತ್ರ ಬೇಯಿಸಿ ನೋಡಿ, ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿದ ಕಾಗದದಲ್ಲಿ ಹಳೆಯ ಅಂಕಿ, ಹೊಸ ಅಂಕಿ, ಹಿಡಿದ ನಿಮಿಷ, ತಾರೀಖು ಇಷ್ಟನ್ನೂ ಅವನ ಕೈಯಿಂದಲೇ ಬರೆಸಬೇಕು. ಹಳೆಯ ಅಂಕಿಯನ್ನು ಹೊಡೆದುಹಾಕದೆ ಹೊಸದರ ಪಕ್ಕದಲ್ಲೇ ಉಳಿಸಿಕೊಳ್ಳುವುದು ಮುಖ್ಯ, ಏಕೆಂದರೆ ಮುಂದೆ ಗ್ಯಾಸ್ಕೆಟ್ಟೋ ಕಾಯಿಲ್ಲೋ ಸಂವೇದಕವೋ ಬದಲಾದ ದಿನ ಮತ್ತೆ ತಾಳೆ ನೋಡಲು ಕೂತಾಗ ಓವನ್ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂಬುದನ್ನು ಹೇಳುವ ದಾಖಲೆ ಅದೊಂದೇ ಆಗಿರುತ್ತದೆ.